ಎಣ್ಣೆ ಬೆರೆಸುವ ಹೊಣೆ ಯಾರದು

ದುಬೈನ ಜುಮೇರಾ ಲೇಕ್ ಟವರ್ಸ್‌ನ ಗೋಪುರಗಳ ನಡುವೆ ಇರುವ ಕೆರೆಗಳು ತೋಡಿ ತುಂಬಿದವು. ದುಬೈ ಮಲ್ಟಿ ಕಮಾಡಿಟೀಸ್ ಸೆಂಟರ್ ಎಂಬ ಮುಕ್ತ ವ್ಯಾಪಾರ ವಲಯ 2002ರಲ್ಲಿ ಹುಟ್ಟಿ, ಅದರೊಂದಿಗೆ ಈ ಬಡಾವಣೆ ಎದ್ದು ನಿಲ್ಲುವ ಮೊದಲು ಇಲ್ಲಿದ್ದದ್ದು ಮರಳು. ದೋಣಿ ನೋಡಬೇಕೆಂದರೆ ಶೇಖ್ ಜಾಯೆದ್ ರಸ್ತೆ ದಾಟಿ ದುಬೈ ಮರೀನಾಕ್ಕೆ ಹೋಗಬೇಕು. ಮೀನು ಹಿಡಿಯುವ ದೋಣಿಯೇ ಆಗಬೇಕೆಂದರೆ ಕರಾವಳಿಗುಂಟ ಇನ್ನಷ್ಟು ದೂರ, ಉಮ್ ಸುಕೈಮ್ ಮತ್ತು ಜುಮೇರಾದ ಮೀನುಗಾರಿಕಾ ಬಂದರುಗಳಿಗೆ. ಈ ಕರಾವಳಿಗೂ ನಮ್ಮ ಪಡುಗಡಲಿಗೂ ದೋಣಿಯ ನಂಟು ಹಳೆಯದು. ಕೊಲ್ಲಿಯವರು ‘ಹೂರಿ’ ಎಂದು ಕರೆಯುತ್ತಿದ್ದ, ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಗಳು ಮಲಬಾರ್ ತೀರದಿಂದ ಬರುತ್ತಿದ್ದವು. ದೊಡ್ಡ ಹಡಗುಗಳನ್ನು ಕಟ್ಟಲು ಬೇಕಾದ ತೇಗವೂ ಅಲ್ಲಿಂದಲೇ. ಮುಂದೆ ಕಟ್ಟಿಗೆಯ ಜಾಗಕ್ಕೆ ಫೈಬರ್ ಬಂತು, ಹುಟ್ಟು ಮತ್ತು ಹಾಯಿಯ ಜಾಗಕ್ಕೆ ಹಿಂಬದಿಗೆ ತೂಗುಹಾಕುವ ಎಂಜಿನ್, ಅಂದರೆ ಔಟ್‌ಬೋರ್ಡ್, ಬಂತು. ಎರಡೂ ಕರಾವಳಿಗಳಿಗೆ ಆ ಎಂಜಿನ್ ಹೆಚ್ಚಾಗಿ ಬಂದದ್ದು ಜಪಾನಿನಿಂದ, ಮತ್ತು ಅದು ಟು-ಸ್ಟ್ರೋಕ್. ಆ ಎಂಜಿನ್ನಿನೊಳಗೆ ಎಣ್ಣೆ ಹೇಗೆ ತಲುಪುತ್ತಿತ್ತು ಎಂಬುದರ ಚರಿತ್ರೆಯನ್ನು ಸಾಮಾನ್ಯವಾಗಿ ಏಣಿಯ ಹಾಗೆ ಹೇಳುತ್ತಾರೆ: ಮೊದಲು ಕ್ಯಾನಿನಲ್ಲಿ ಕೈಯಿಂದ ಬೆರೆಸುವುದು, ಆಮೇಲೆ ಪಂಪು, ಕೊನೆಗೆ ಕಂಪ್ಯೂಟರು. ಕೆಳಗಿನ ಮೆಟ್ಟಿಲಲ್ಲಿ ಉಳಿದವರು ಹಿಂದುಳಿದವರು ಎಂಬ ಭಾವ ಆ ಹೇಳಿಕೆಯೊಳಗೇ ಇದೆ. ಅದು ತಪ್ಪು ಎಂಬುದು ನನ್ನ ವಾದ. ಪಂಪು ಬಂದು ದಶಕಗಳಾದ ಮೇಲೂ ನಾಡದೋಣಿಯವರು ಕೈಯಿಂದಲೇ ಎಣ್ಣೆ ಬೆರೆಸಿದ್ದು ತಿಳಿಯದೆ ಅಲ್ಲ. ಎಂಜಿನ್ ಕೆಡುವುದಾದರೆ ಎಲ್ಲಿ, ಹೇಗೆ ಕೆಡಬೇಕು ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಆ ಲೆಕ್ಕಾಚಾರ ಅರ್ಥವಾಗಬೇಕಾದರೆ ಎಂಜಿನ್ನಿನ ಹುಟ್ಟಿಗೇ ಹೋಗಬೇಕು. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ 1891ರ ಹೊತ್ತಿಗೆ ರೂಪಿಸಿದ, ಅವನ ಬಳಿ ಕೆಲಸಕ್ಕಿದ್ದ ಫ್ರೆಡರಿಕ್ ಕಾಕ್ ಮರುವರ್ಷ ಸರಳಗೊಳಿಸಿದ ಎಂಜಿನ್‌ನಲ್ಲಿ ಒಂದು ಜಾಣ್ಮೆ ಇತ್ತು. ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಬರೀ ಕ್ರ್ಯಾಂಕ್ ತಿರುಗುವ ಜಾಗವಾಗಿ ಉಳಿಯಲಿಲ್ಲ. ಅದೇ ಒಂದು ಗಾಳಿಪಂಪಾಯಿತು. ಪಿಸ್ಟನ್ ಮೇಲೇರಿದಾಗ ಇಂಧನ ಮತ್ತು ಗಾಳಿ ಈ ಪೆಟ್ಟಿಗೆಗೆ ನುಗ್ಗುತ್ತದೆ, ಕೆಳಗಿಳಿದಾಗ ಅಲ್ಲಿಂದ ಒತ್ತಡದಲ್ಲಿ ಸಿಲಿಂಡರಿಗೆ ಹೋಗುತ್ತದೆ. ಕ್ಯಾಮ್ ತೆರೆದು ಮುಚ್ಚುವ ವಾಲ್ವ್‌ಗಳಿಲ್ಲ; ಆದ್ದರಿಂದ ತೂಕ ಕಡಿಮೆ, ಬಿಡಿಭಾಗ ಕಡಿಮೆ, ಬೆಲೆಯೂ ಕಡಿಮೆ. ಆದರೆ ಫೋರ್-ಸ್ಟ್ರೋಕ್ ಎಂಜಿನ್ ಎಣ್ಣೆ ತುಂಬಿಟ್ಟುಕೊಳ್ಳುವ ಜಾಗವನ್ನೇ ಇದು ಗಾಳಿಗೆ ಬಿಟ್ಟುಕೊಟ್ಟಿತು. ಅಲ್ಲಿ ಎಣ್ಣೆ ನಿಲ್ಲಿಸಿದರೆ ಗಾಳಿಯ ಜೊತೆಗೆ ಅದೂ ಸಿಲಿಂಡರಿಗೆ ಏರಿ ಉರಿದುಹೋಗುತ್ತದೆ. ಹಾಗಾಗಿ ಟು-ಸ್ಟ್ರೋಕ್‌ನಲ್ಲಿ ಎಣ್ಣೆ ಒಮ್ಮೆ ಹಾದುಹೋಗುವ ಯಾತ್ರಿಕ. ಬೇರಿಂಗು, ಸಿಲಿಂಡರಿನ ಗೋಡೆಗಳನ್ನು ಸವರಿ, ಹೊಗೆಯಾಗಿ ಹೊರಬೀಳುತ್ತದೆ. ಪ್ರತಿ ಸುತ್ತಿಗೂ ಹೊಸ ಎಣ್ಣೆ ಬೇಕು. ಅದನ್ನು ಯಾರು ಕೊಡಬೇಕು, ಎಷ್ಟು ಕೊಡಬೇಕು, ಕೊಟ್ಟದ್ದು ತಲುಪಿತೇ ಎಂದು ಯಾರಿಗೆ ಗೊತ್ತಾಗಬೇಕು? ಈ ಎಂಜಿನ್ನಿನ ಮುಂದಿನ ನೂರು ವರ್ಷಗಳ ಕಥೆಯೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ಅತಿ ಸರಳವಾದ ಉತ್ತರ, ಎಣ್ಣೆಯನ್ನು ಇಂಧನದಲ್ಲೇ ಕಲಸಿಬಿಡುವುದು. ಓಲೆ ಎವಿನ್ರೂಡ್ 1909ರಲ್ಲಿ ಮಿಲ್ವಾಕಿಯಲ್ಲಿ ಮಾರಾಟಕ್ಕಿಟ್ಟ ಒಂದೂವರೆ ಅಶ್ವಶಕ್ತಿಯ ಎಂಜಿನ್‌ನಿಂದ ಹಿಡಿದು ಮುಂದಿನ ಅರ್ಧ ಶತಮಾನದ ಔಟ್‌ಬೋರ್ಡ್‌ಗಳೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆದವು. ಬೆರೆಸಿದ ಪೆಟ್ರೋಲು ಕಾರ್ಬ್ಯುರೇಟರ್ ದಾಟಿ, ರೀಡ್ ವಾಲ್ವ್ ತೂರಿ, ಬಿಸಿಯಾದ ಕ್ರ್ಯಾಂಕ್‌ಕೇಸಿಗೆ ಬೀಳುತ್ತದೆ. ಅಲ್ಲಿ ಪೆಟ್ರೋಲು ಬೇಗ ಆವಿಯಾಗುತ್ತದೆ, ಎಣ್ಣೆ ಆವಿಯಾಗುವುದಿಲ್ಲ. ಸಣ್ಣ ಸಣ್ಣ ಹನಿಯಾಗಿ ಕನೆಕ್ಟಿಂಗ್ ರಾಡಿನ ಸೂಜಿ ಬೇರಿಂಗುಗಳಿಗೆ ಅಂಟಿಕೊಳ್ಳುತ್ತದೆ. ಹಳೆಯ ಎಂಜಿನ್ನುಗಳಿಗೆ 16 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ ಬೇಕಿತ್ತು. ಅಂದರೆ 20 ಲೀಟರಿಗೆ ಒಂದೂಕಾಲು ಲೀಟರ್ ಎಣ್ಣೆ, ಜೊತೆಗೆ ನೀರಿನ ಮೇಲೆ ನೀಲಿ ಹೊಗೆಯ ಚಾದರ. ಬೇರಿಂಗು ಸುಧಾರಿಸಿತು, ಎಣ್ಣೆ ಸುಧಾರಿಸಿತು, 24:1 ಬಂತು. 1964ರಲ್ಲಿ ಜಾನ್ಸನ್ ಮತ್ತು ಎವಿನ್ರೂಡ್ ಎಂಜಿನ್ನುಗಳು 50:1ಕ್ಕೆ ಇಳಿದವು. 20 ಲೀಟರಿಗೆ ಬರೀ 400 ಮಿಲಿಲೀಟರ್. 1980ರ ದಶಕದ ನಡುವೆ ಅವೆರಡನ್ನೂ ಮಾಡುತ್ತಿದ್ದ ಕಂಪನಿ ತನ್ನ ಕೆಲವು ಎಂಜಿನ್ನುಗಳಿಗೆ 100:1 ಸಾಕೆಂದಿತು; ಕೆಲವೇ ವರ್ಷಗಳಲ್ಲಿ ಮಾತು ಹಿಂತೆಗೆದು 50:1ಕ್ಕೇ ಮರಳಿತು. ಓಡುವಾಗ ಆ ತೆಳು ಪ್ರಮಾಣ ಸಾಕಾಗುತ್ತಿತ್ತೇನೋ, ಆದರೆ ಎಂಜಿನ್ ತಿಂಗಳುಗಟ್ಟಲೆ ಸುಮ್ಮನೆ ನಿಂತಾಗ ಬೇರಿಂಗನ್ನು ತುಕ್ಕಿನಿಂದ ಕಾಯುವಷ್ಟು ಎಣ್ಣೆ ಉಳಿಯುತ್ತಿರಲಿಲ್ಲ. ಮುಖ್ಯ ತಯಾರಕರೇ ಏರಿದ ಮೆಟ್ಟಿಲನ್ನು ಇಳಿದು ಬಂದ ಈ ಪ್ರಸಂಗ ಏಣಿಯ ಕಥೆ ಹೇಳುವವರ ಬಾಯಲ್ಲಿ ಬರುವುದು ಕಡಿಮೆ.

ಕೈಯಿಂದ ಬೆರೆಸುವುದರಲ್ಲಿ ನಿಜವಾದ ದೋಷವೊಂದಿದೆ, ಅದನ್ನು ಮುಚ್ಚಿಡಬೇಕಿಲ್ಲ. ಪ್ರಮಾಣ ಒಂದೇ, ಕೆಲಸ ಬೇರೆ ಬೇರೆ. ಪೂರ್ತಿ ವೇಗದಲ್ಲಿ ಬಲೆ ತುಂಬಿದ ದೋಣಿಯನ್ನು ನೂಕುವ ಎಂಜಿನ್ನಿಗೆ 50:1 ಬೇಕು. ಬಲೆ ಎಳೆಯುವಾಗ ಗುರುಗುಟ್ಟುತ್ತ ನಿಂತ ಎಂಜಿನ್ನಿಗೆ ಅದರ ಅರ್ಧವೂ ಬೇಡ. ಕ್ಯಾನಿನೊಳಗೆ ಒಮ್ಮೆ ಬೆರೆತದ್ದಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಹಾಗಾಗಿ ನಿಧಾನಗತಿಯಲ್ಲಿ ಹೊಗೆ, ಪ್ಲಗ್ಗಿಗೆ ಮಸಿ, ಎಣ್ಣೆ ದಂಡ. ಇದಕ್ಕೆ ಪರಿಹಾರ ಮೊದಲು ಬಂದದ್ದು ನೆಲದ ಮೇಲೆ. 1964ರಲ್ಲಿ ಯಮಹಾ ತನ್ನ ಮೋಟಾರ್‌ಸೈಕಲ್ಲಿಗೆ ಆಟೋಲ್ಯೂಬ್ ಎಂಬ ಪಂಪು ಜೋಡಿಸಿತು: ಎಣ್ಣೆಗೆ ಬೇರೆ ಟ್ಯಾಂಕ್, ಎಂಜಿನ್ನಿನ ಸುತ್ತಿಗೆ ತಕ್ಕಂತೆ ತಿರುಗುವ ಸಣ್ಣ ಪಂಪು, ಆಕ್ಸಿಲರೇಟರಿನ ಕೇಬಲ್ಲಿಗೆ ಕಟ್ಟಿದ ಇನ್ನೊಂದು ಕೇಬಲ್. ನಮ್ಮಲ್ಲಿ 1985ರಲ್ಲಿ ಬಂದ ಆರ್‌ಎಕ್ಸ್ 100 ಓಡಿಸಿದವರಿಗೆ ಇದು ಪರಿಚಿತ. ಅದಕ್ಕೂ ಮೊದಲು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಇಟ್ಟುಕೊಂಡವರು ಬಂಕಿನಲ್ಲಿ ಪೆಟ್ರೋಲಿನ ಜೊತೆಗೆ 2ಟಿ ಎಣ್ಣೆ ಹಾಕಿಸಿಕೊಂಡ ನೆನಪೂ ಮಾಸಿಲ್ಲ. ಔಟ್‌ಬೋರ್ಡ್‌ಗೆ ಈ ಏರ್ಪಾಟನ್ನು 1980ರಲ್ಲಿ ತಂದದ್ದು ಸುಜುಕಿ. ಯಮಹಾದ ದೊಡ್ಡ ಎಂಜಿನ್ನುಗಳಲ್ಲಿ ಅದು ಇನ್ನೂ ಬೆಳೆಯಿತು: ದೋಣಿಯೊಳಗೆ ಒಂದು ದೊಡ್ಡ ಎಣ್ಣೆ ಟ್ಯಾಂಕ್, ಎಂಜಿನ್ನಿನ ಮೇಲೆ ಒಂದು ಚಿಕ್ಕ ಟ್ಯಾಂಕ್, ಅದರೊಳಗೆ ತೇಲುಗುಂಡು, ಎಣ್ಣೆ ಇಳಿದರೆ ಕೂಗುವ ಬಜರ್, ಕೂಗಿದರೂ ಕೇಳದಿದ್ದರೆ ವೇಗವನ್ನು ತಾನೇ ತಗ್ಗಿಸುವ ವ್ಯವಸ್ಥೆ.

1984ರಲ್ಲಿ ಜಾನ್ಸನ್ ಮತ್ತು ಎವಿನ್ರೂಡ್ ಮಾಡುತ್ತಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ ತಂದ ವಿಆರ್‌ಒ ಪಂಪಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ವಾದಕ್ಕೆ ಅತ್ಯಂತ ಬಲವಾದ ಸಾಕ್ಷಿ ಅಲ್ಲಿದೆ. ಇದಕ್ಕೆ ಗಿಯರಿಲ್ಲ. ಪಿಸ್ಟನ್ನಿನ ಏರಿಳಿತದಿಂದ ಕ್ರ್ಯಾಂಕ್‌ಕೇಸಿನಲ್ಲಿ ಹುಟ್ಟುವ ಒತ್ತಡದ ಮಿಡಿತವನ್ನೇ ಒಂದು ರಬ್ಬರ್ ನಳಿಗೆಯಲ್ಲಿ ತಂದು, ಪಂಪಿನ ತೆಳು ಪೊರೆಯನ್ನು ಅದರಿಂದ ಆಡಿಸಿ, ಇಂಧನವನ್ನೂ ಎಣ್ಣೆಯನ್ನೂ ಒಂದೇ ಪಂಪು ಎಳೆದು ಬೆರೆಸುವಂತೆ ಮಾಡಿದ್ದರು. ಪೂರ್ತಿ ವೇಗದಲ್ಲಿ 50:1, ನಿಧಾನಗತಿಯಲ್ಲಿ 150:1ರವರೆಗೆ. ಯೋಚನೆ ಸುಂದರವಾಗಿತ್ತು. ಆದರೆ ಎಣ್ಣೆಯ ಜೀವ ಈಗ ಹಲವು ಕಾಣದ ಕೊಂಡಿಗಳ ಕೈಗೆ ಹೋಯಿತು: ಪೊರೆ ಹರಿಯಬಾರದು, ನಳಿಗೆ ಬಿರಿಯಬಾರದು, ಇಂಧನದ ದಾರಿಯಲ್ಲಿ ಎಲ್ಲೂ ಗಾಳಿ ಸೇರಬಾರದು. ಮೊದಲ ಪಂಪುಗಳ ಎಚ್ಚರಿಕೆ ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಾಯಿತೆಂದು ಹೇಳುತ್ತಿತ್ತೇ ಹೊರತು, ಟ್ಯಾಂಕಿನ ಎಣ್ಣೆ ಎಂಜಿನ್ನಿಗೆ ಹೋಗುತ್ತಿದೆಯೇ ಎಂದಲ್ಲ. ಹರಿವನ್ನೇ ಗಮನಿಸುವ ಸಂವೇದಕ ಆಮೇಲೆ ಸೇರಿತು. ಪಂಪನ್ನು ಮತ್ತೆ ಮತ್ತೆ ತಿದ್ದಿದರು, ಹೆಸರೂ ಬದಲಾಯಿತು, ನಂತರದವು ಬಹುಮಟ್ಟಿಗೆ ನಂಬಿಕಸ್ತವಾದವು. ಹಾಗಿದ್ದರೂ ಅಮೆರಿಕದ ದೋಣಿ ಮಾಲೀಕರಲ್ಲಿ ಅನೇಕರು ಎಣ್ಣೆಯ ನಳಿಗೆಯನ್ನು ಕಿತ್ತು ಬಾಯಿ ಮುಚ್ಚಿ, ಮತ್ತೆ ಟ್ಯಾಂಕಿನಲ್ಲೇ ಎಣ್ಣೆ ಬೆರೆಸತೊಡಗಿದರು. ಅವರಿಗೆ ಹಣದ ಕೊರತೆ ಇರಲಿಲ್ಲ, ಮೆಕ್ಯಾನಿಕ್‌ಗಳ ಕೊರತೆಯೂ ಇರಲಿಲ್ಲ, ಕರೆದರೆ ಬಂದು ಎಳೆದೊಯ್ಯುವ ದೋಣಿಗಳಿದ್ದವು. ಅವರೇ ಕ್ಯಾನಿಗೆ ಮರಳಿದರೆಂದರೆ, ಮರವಂತೆಯ ಅಥವಾ ಉಪ್ಪುಂದದ ನಾಡದೋಣಿಯವನು ಕ್ಯಾನನ್ನು ಬಿಡದಿದ್ದುದನ್ನು ಅಜ್ಞಾನವೆಂದು ಹೇಗೆ ಕರೆಯುವುದು?

ನಮ್ಮ ಕರಾವಳಿಯಲ್ಲಿ ನಾಡದೋಣಿಗೆ ಔಟ್‌ಬೋರ್ಡ್ ಕೂತ ಕಾಲ ಮೀನುಗಾರಿಕೆಯೇ ತಲೆಕೆಳಗಾದ ಕಾಲ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು, ಇಡೀ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿತ್ತು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯಲ್ಪಡುವಾಗ, ಹುಟ್ಟು ಹಾಕುವ ದೋಣಿಗೆ ಎಂಜಿನ್ ಆಸೆಯ ವಸ್ತುವಲ್ಲ, ಉಳಿವಿನ ದಾರಿ. ಅದಕ್ಕೆ ಸಿಕ್ಕ ಇಂಧನ ಸೀಮೆಎಣ್ಣೆ, ಪರ್ಮಿಟ್ಟಿನ ಮೇಲೆ, ಸರಕಾರದ ರಿಯಾಯಿತಿ ದರದಲ್ಲಿ. ಸೀಮೆಎಣ್ಣೆ ಎಂಜಿನ್ ತಣ್ಣಗಿದ್ದಾಗ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹೊರಳಬೇಕು; ದಡ ಸೇರುವ ಮುನ್ನ ಮತ್ತೆ ಪೆಟ್ರೋಲಿಗೆ ಬಂದು ಕಾರ್ಬ್ಯುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಉರಿಸಿ ಮುಗಿಸಬೇಕು, ಇಲ್ಲದಿದ್ದರೆ ಮರುದಿನ ಹಗ್ಗ ಎಳೆದೆಳೆದು ತೋಳು ಸೋಲುತ್ತದೆ. ಎಣ್ಣೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ತೊಡಕು ಬೇರೆ. ಪೆಟ್ರೋಲಿನ ಹಾಗೆ ಸೀಮೆಎಣ್ಣೆ ಕ್ರ್ಯಾಂಕ್‌ಕೇಸಿನಲ್ಲಿ ಸಲೀಸಾಗಿ ಆವಿಯಾಗುವುದಿಲ್ಲ. ಒಂದಿಷ್ಟು ದ್ರವವಾಗಿಯೇ ಉಳಿದು ಬೇರಿಂಗಿನ ಮೇಲಿನ ಎಣ್ಣೆಯ ಪೊರೆಯನ್ನು ತೆಳುವಾಗಿಸುತ್ತದೆ. ಆದ್ದರಿಂದ ಎಣ್ಣೆ ಎಷ್ಟು ಎಂಬ ಪ್ರಶ್ನೆ ಇಲ್ಲಿ ಕೈಪಿಡಿಯ ಪುಟದಲ್ಲಿ ಮುಗಿಯುವುದಿಲ್ಲ. ಹೊಸ ಎಂಜಿನ್ ಹೊಂದಿಕೊಳ್ಳುವವರೆಗೆ ದುಪ್ಪಟ್ಟು, ಸೀಮೆಎಣ್ಣೆ ಕೆಟ್ಟದ್ದೆನಿಸಿದರೆ ಒಂದು ಅಳತೆ ಹೆಚ್ಚು. ಕಾರ್ಖಾನೆಯಲ್ಲಿ ಒಂದು ಇಂಧನಕ್ಕೆ ಹೊಂದಿಸಿಟ್ಟ ಪಂಪಿಗೆ ಈ ವಿವೇಚನೆ ಇರಲಾರದು. ಕ್ಯಾನಿನಲ್ಲಿ ಅರ್ಧ ಸೀಮೆಎಣ್ಣೆ ಸುರಿದು, ಅಳತೆಯ ಎಣ್ಣೆ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಆಮೇಲೆ ಉಳಿದರ್ಧ ತುಂಬಿಸುವವನಿಗೆ ಇರುತ್ತದೆ.

ಮಳೆಗಾಲವನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲು ಮುಚ್ಚಿರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ದೋಣಿಗಳಿಗೆ ಮಾತ್ರ ವಿನಾಯಿತಿ. ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುವಾಗ ಸಣ್ಣ ದೋಣಿಯವರಿಗೆ ಅದೇ ಸುಗ್ಗಿ, ಅದೇ ಅಪಾಯ. ದಡದ ಬಳಿ ಮಗುಚಿ ಬೀಳುವ ತೆರೆಗಳನ್ನು ಸೀಳಿ ಹೊರಗೆ ಹೋಗುವಾಗ, ಒಳಗೆ ಬರುವಾಗ, ಎಂಜಿನ್ ಕೆಲವೇ ಕ್ಷಣ ಕೈಕೊಟ್ಟರೂ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಎಣ್ಣೆ ಪಂಪು ಕೆಟ್ಟರೆ ಅದು ತಿಳಿಯುವುದು ಇಂಥ ಹೊತ್ತಿನಲ್ಲಿ, ಪೂರ್ತಿ ವೇಗದಲ್ಲಿ, ಪಿಸ್ಟನ್ ಸಿಲಿಂಡರನ್ನು ಕಚ್ಚಿ ಹಿಡಿದಾಗ. ಕ್ಯಾನಿನಲ್ಲಿ ಎಣ್ಣೆ ಬೆರೆಸಿ ಹೊರಟವನ ಎಂಜಿನ್ನಿಗೆ ಇಂಧನ ಬರುತ್ತಿರುವಷ್ಟು ಹೊತ್ತೂ ಎಣ್ಣೆ ಬರುತ್ತದೆ; ಇಂಧನ ನಿಂತರೆ ಎಂಜಿನ್ ನಿಲ್ಲುತ್ತದೆ, ಆದರೆ ಹಾಳಾಗುವುದಿಲ್ಲ, ಮತ್ತೆ ಹಗ್ಗ ಎಳೆಯಬಹುದು. ಎಣ್ಣೆ ಮತ್ತು ಇಂಧನ ಒಂದೇ ಹಣೆಬರಹ ಹಂಚಿಕೊಳ್ಳುವ ಈ ಗುಣವೇ ಬೆರೆಸುವ ಪದ್ಧತಿಯ ದೊಡ್ಡ ಬಲ.

ಇದೆಲ್ಲ ಬಡತನಕ್ಕೆ ಕೊಟ್ಟ ಅಲಂಕಾರವಲ್ಲವೇ ಎಂದು ಕೇಳಬಹುದು. ಪಂಪಿನ ಎಂಜಿನ್ ಕೊಳ್ಳುವ ಶಕ್ತಿ ಇದ್ದಿದ್ದರೆ ಕೊಳ್ಳುತ್ತಿದ್ದರಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಜುಮೇರಾ ಕರಾವಳಿ ಒಳ್ಳೆಯ ಜಾಗ. ಅಲ್ಲಿ ಸೀಮೆಎಣ್ಣೆಯ ಪ್ರಶ್ನೆಯೇ ಇರಲಿಲ್ಲ. ಯುಎಇ ಸರಕಾರ 2015ರ ಆಗಸ್ಟಿನಲ್ಲಿ ಪೆಟ್ರೋಲ್ ಬೆಲೆಯನ್ನು ಜಾಗತಿಕ ದರಕ್ಕೆ ಜೋಡಿಸುವವರೆಗೂ ಅದು ರಿಯಾಯಿತಿಯಲ್ಲೇ ಸಿಗುತ್ತಿತ್ತು. ತಂತಿಯಿಂದ ಹೆಣೆದ ಗುಮ್ಮಟದಂಥ ‘ಗರ್ಗೂರ್’ ಬೋನುಗಳನ್ನು ಹೊತ್ತೊಯ್ಯುವ ದೊಡ್ಡ ‘ಲಂಶ್’ ಹಡಗುಗಳಿಗೆ ಒಳಗೇ ಕೂತ ಡೀಸೆಲ್ ಎಂಜಿನ್. ಫೈಬರಿನ ಸಣ್ಣ ‘ತರಾದ್’ ದೋಣಿಗಳಿಗೆ ಔಟ್‌ಬೋರ್ಡ್. ಏಷ್ಯಾ, ಆಫ್ರಿಕಾ, ಕೊಲ್ಲಿ ದೇಶಗಳಿಗೆಂದು ಯಮಹಾ ಮಾರಿದ ಎಂಡ್ಯೂರೋ ಸರಣಿಯಲ್ಲಿ ಸಣ್ಣ ಎಂಜಿನ್ನುಗಳಿಗೆ ಎಣ್ಣೆ ಬೆರೆಸುವ ಪದ್ಧತಿಯೇ ಉಳಿಯಿತು, ದೊಡ್ಡವಕ್ಕೆ ಪಂಪು ಬಂತು. ಇಂಥ ವಿಂಗಡಣೆಯನ್ನು ತೀರ್ಮಾನಿಸಿದ್ದು ಕೊಳ್ಳುವವನ ಕಿಸೆಯೊಂದೇ ಅಲ್ಲ. ದೊಡ್ಡ ಎಂಜಿನ್ನಿನ ಮೇಲೆ ಟ್ಯಾಂಕ್, ಬ್ಯಾಟರಿ, ಬಜರ್‌ಗೆ ಜಾಗವಿದೆ, ಅದು ಉಳಿಸುವ ಎಣ್ಣೆಯೂ ಹೆಚ್ಚು. ಹಗ್ಗ ಎಳೆದು ಚಾಲೂ ಮಾಡುವ, ಬ್ಯಾಟರಿಯೇ ಇಲ್ಲದ ಸಣ್ಣ ದೋಣಿಯಲ್ಲಿ ಬಜರ್ ಕೂಗುವುದಾದರೂ ಯಾವುದರಿಂದ? ಬಡತನ ಕಾರಣವೇ ಅಲ್ಲವೆಂದು ನಾನು ಹೇಳುತ್ತಿಲ್ಲ. ನಾಡದೋಣಿಗೆ ಸಾಲ ಎಷ್ಟು ಕಷ್ಟದಲ್ಲಿ ಹುಟ್ಟುತ್ತದೆಂಬುದು ಕುಂದಾಪುರದಿಂದ ಕಾರವಾರದವರೆಗೆ ಎಲ್ಲರಿಗೂ ಗೊತ್ತು. ಆದರೆ ಹಣವಿದ್ದ ಕಡಲಿನಲ್ಲೂ ಸಣ್ಣ ಎಂಜಿನ್ನಿಗೆ ಕ್ಯಾನೇ ಜೊತೆಯಾಗಿ ಉಳಿಯಿತೆಂಬುದನ್ನು ಬಡತನವೊಂದೇ ವಿವರಿಸಲಾರದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಹೊಗೆ, ನೀರಿನ ಮೇಲಿನ ಎಣ್ಣೆಯ ಪದರ. ಕಾರ್ಬ್ಯುರೇಟರ್ ಇರುವ ಟು-ಸ್ಟ್ರೋಕ್ ಔಟ್‌ಬೋರ್ಡ್ ತಾನು ಕುಡಿದ ಇಂಧನದಲ್ಲಿ ಕಾಲುಭಾಗದವರೆಗೆ ಉರಿಸದೆಯೇ ನೀರಿಗೆ ಉಗುಳುತ್ತದೆ. ಆದರೆ ಇದರ ಮುಖ್ಯ ಕಾರಣ ಎಣ್ಣೆ ಬೆರೆಸುವುದಲ್ಲ, ಡೇಯ ವಿನ್ಯಾಸವೇ. ಒಳಬರುವ ಮಿಶ್ರಣ ಸುಟ್ಟ ಹೊಗೆಯನ್ನು ಹೊರನೂಕುವಾಗ ಎರಡೂ ದ್ವಾರ ಒಟ್ಟಿಗೇ ತೆರೆದಿರುವುದರಿಂದ, ಹೊಸ ಮಿಶ್ರಣದ ಒಂದು ಪಾಲೂ ಹೊರಗೆ ಹೋಗುತ್ತದೆ. ಎಣ್ಣೆ ಪಂಪು ಹಾಕಿದರೆ ಹೊಗೆ ತಗ್ಗೀತು, ಈ ಸೋರಿಕೆ ತಗ್ಗದು. ದೆಹಲಿಯಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ಬಿಡಿ 2ಟಿ ಎಣ್ಣೆಯ ಮಾರಾಟ ತಡೆದು, ಬಂಕಿನಲ್ಲೇ ಅಳತೆ ಮಾಡಿ ಬೆರೆಸಿ ಕೊಡಬೇಕೆಂದಾಗ ಗುರಿಯಾಗಿದ್ದದ್ದು ಆಟೋ, ಸ್ಕೂಟರುಗಳಿಗೆ ಬೇಕಾಬಿಟ್ಟಿ ಸುರಿಯುತ್ತಿದ್ದ ಹೆಚ್ಚುವರಿ ಎಣ್ಣೆ. ಅದು ಸರಿಯಾದ ಕ್ರಮ, ಆದರೆ ಅದು ಕೂಡ ಬೆರೆಸುವುದನ್ನು ನಿಲ್ಲಿಸಲಿಲ್ಲ, ಬೆರೆಸುವ ಅಳತೆಯನ್ನು ಸರಿಪಡಿಸಿತು. ಸೋರಿಕೆ ನಿಜವಾಗಿ ನಿಂತದ್ದು 1990ರ ದಶಕದ ಕೊನೆಯಲ್ಲಿ, 1996ರ ಅಮೆರಿಕದ ಮಾಲಿನ್ಯ ನಿಯಮದ ಒತ್ತಡದಲ್ಲಿ, ದ್ವಾರ ಮುಚ್ಚಿದ ಮೇಲೆ ಇಂಧನವನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್ನುಗಳು ಬಂದಾಗ. ಅಲ್ಲಿ ಕ್ರ್ಯಾಂಕ್‌ಕೇಸಿಗೆ ಬರೀ ಗಾಳಿ ಬರುತ್ತದೆ. ಇಂಧನ ಎಣ್ಣೆಯನ್ನು ತೊಳೆದು ಹಾಕುವುದಿಲ್ಲವಾದ್ದರಿಂದ ಬಹಳ ಕಡಿಮೆ ಎಣ್ಣೆ ಸಾಕು. ಬೆರೆಸುವ ಮಾತೇ ಉಳಿಯುವುದಿಲ್ಲ. ಎಣ್ಣೆಯನ್ನು ವಿದ್ಯುತ್ ಪಂಪು, ಕಂಪ್ಯೂಟರಿನ ಅಪ್ಪಣೆಯಂತೆ, ಬೇರೆಯಾಗಿ ಕೊಡಲೇಬೇಕು. ಪಂಪು ಅನಿವಾರ್ಯವಾದದ್ದು ಇಲ್ಲಿ ಮಾತ್ರ, ಅದಕ್ಕಿಂತ ಮುಂಚೆ ಅಲ್ಲ.

ಕೈ ತಪ್ಪು ಮಾಡುವುದಿಲ್ಲವೇ? ಮಾಡುತ್ತದೆ, ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಕತ್ತಲೆಯಲ್ಲಿ ಬೆರೆಸಿದ ಕ್ಯಾನು ಯಾವುದು, ಬೆರೆಸದ್ದು ಯಾವುದು ಎಂದು ಗೊಂದಲವಾಗಬಹುದು. ಉಳಿತಾಯಕ್ಕೆಂದು ಎಣ್ಣೆ ಕಡಿಮೆ ಹಾಕಬಹುದು. ಇದಕ್ಕಿಂತ ಕಾಣದ ತಪ್ಪೊಂದಿದೆ: ಎಣ್ಣೆಯ ಜಾತಿ. ಸ್ಕೂಟರಿನ 2ಟಿ ಎಣ್ಣೆ ಗಾಳಿಯಿಂದ ತಣಿಯುವ, ಬಿಸಿ ಹೆಚ್ಚಿರುವ ಎಂಜಿನ್ನಿಗಾಗಿ ಮಾಡಿದ್ದು. ಅದರಲ್ಲಿ ಬೂದಿ ಉಳಿಸುವ ಲೋಹದ ಮಿಶ್ರಣಗಳಿರುತ್ತವೆ. ಕಡಲ ನೀರಿನಿಂದ ತಣಿಯುವ ಔಟ್‌ಬೋರ್ಡ್‌ಗೆ ಬೂದಿಯಿಲ್ಲದ ಎಣ್ಣೆ ಬೇಕು. 1990ರ ದಶಕದ ಆರಂಭದಲ್ಲಿ ಬಂದ ಟಿಸಿ-ಡಬ್ಲ್ಯೂ3 ಮಾನದಂಡ ಇದಕ್ಕೆಂದೇ ಇದೆ. ಅಗ್ಗವೆಂದು ಬಂಕಿನ ಎಣ್ಣೆಯನ್ನೇ ದೋಣಿಗೂ ಸುರಿದರೆ ಪಿಸ್ಟನ್ನಿನ ತಲೆಯ ಮೇಲೆ ಗಟ್ಟಿ ಪದರ ಕೂತು, ಅದೇ ಕೆಂಡವಾಗಿ ಹೊತ್ತಿಗೆ ಮುಂಚೆ ಬೆಂಕಿ ಹಚ್ಚುತ್ತದೆ. ಈ ತಪ್ಪುಗಳೆಲ್ಲ ನಿಜ. ಆದರೆ ಇವು ನಡೆಯುವುದು ದಡದಲ್ಲಿ, ಬೆರೆಸುವವನ ಕಣ್ಣೆದುರು, ಮತ್ತು ಬಲ್ಲವನೊಬ್ಬ ಹೇಳಿಕೊಟ್ಟರೆ ತಿದ್ದಿಕೊಳ್ಳಬಹುದಾದವು. ಒಡೆದ ಪೊರೆಯನ್ನು ಕಡಲ ನಡುವೆ ಯಾರೂ ತಿದ್ದಲಾರರು.

ಈಗ ಈ ಎಂಜಿನ್ನಿನ ಕಾಲವೇ ಮುಗಿಯುತ್ತ ಬಂದಿದೆ. ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಎವಿನ್ರೂಡ್ ಹೆಸರನ್ನು ಕೊಂಡು ಇ-ಟೆಕ್ ಎಂಬ ಒಳ್ಳೆಯ ಟು-ಸ್ಟ್ರೋಕ್ ತಯಾರಿಸಿದ ಕೆನಡಾದ ಬಿಆರ್‌ಪಿ ಕಂಪನಿ 2020ರ ಮೇ ತಿಂಗಳಲ್ಲಿ ಅದನ್ನೂ ನಿಲ್ಲಿಸಿತು. ದುಬೈ ಮರೀನಾದ ಹೊಸ ದೋಣಿಗಳ ಬೆನ್ನಿಗೆ ಫೋರ್-ಸ್ಟ್ರೋಕ್ ಬಂದು ವರ್ಷಗಳೇ ಆದವು. ಕರ್ನಾಟಕ ಸರಕಾರ 2023ರ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ನುಗಳನ್ನು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಬದಲಿಸಲು ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಫೋರ್-ಸ್ಟ್ರೋಕ್ ಬಂದರೆ ಎಣ್ಣೆಯ ಪ್ರಶ್ನೆ ಇನ್ನೊಂದು ಜಾಗಕ್ಕೆ ಹೋಗುತ್ತದೆಯೇ ಹೊರತು ಮುಗಿಯುವುದಿಲ್ಲ. ಅದರ ಎಣ್ಣೆ ಎಂಜಿನ್ನಿನ ಹೊಟ್ಟೆಯಲ್ಲೇ ಇರುತ್ತದೆ. ದಿನವೂ ಕಡ್ಡಿ ಎಳೆದು ನೋಡಬೇಕು, ಹಾಲಿನ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಸೇರಿದೆಯೆಂದು ಅರಿಯಬೇಕು, ಮೊದಲ 20 ಗಂಟೆ ಓಡಿದ ಮೇಲೆ ಒಮ್ಮೆ, ಆಮೇಲೆ 100 ಗಂಟೆಗೊಮ್ಮೆ ಹಳೆಯ ಎಣ್ಣೆ ತೆಗೆದು ಹೊಸತು ತುಂಬಬೇಕು. ಹೊಗೆಯಾಗಿ ಚೆದುರುತ್ತಿದ್ದದ್ದು ಈಗ ಕರಿ ಎಣ್ಣೆಯಾಗಿ ಕೈಗೆ ಸಿಗುತ್ತದೆ, ಸಣ್ಣ ಎಂಜಿನ್ನಿಗೆ ಪ್ರತಿ ಸಲ ಸುಮಾರು ಒಂದು ಲೀಟರಿನಷ್ಟು. ನೂರಾರು ನಾಡದೋಣಿಗಳು ತಂಗುವ ಮರವಂತೆ, ಕೊಡೇರಿ, ಅಳ್ವೆಗದ್ದೆಯಂಥ ದಡಗಳಲ್ಲಿ ಅದನ್ನು ಸಂಗ್ರಹಿಸುವ ಪೀಪಾಯಿ, ಬಂದು ಒಯ್ಯುವ ವ್ಯವಸ್ಥೆ, ಮತ್ತು ಕಡ್ಡಿ ಓದುವುದನ್ನು ಕಲಿಸುವ ಒಬ್ಬ ಮೆಕ್ಯಾನಿಕ್, ಈ ಮೂರಕ್ಕೂ ಸಹಾಯಧನದ ಜೊತೆಯಲ್ಲೇ ಹಣ ತೆಗೆದಿಡಬೇಕು.